ಬೆರಳು ಎತ್ತಿದ ಮೇಲೆ ಯಾರನ್ನ ಕೇಳೋದು?

ನಾಯಕನಹಟ್ಟಿ ಜಾತ್ರೆ ಮುಗಿದು, ಅಂಗಡಿ ಸಾಲು ಬಿಚ್ಚಿಕೊಂಡು ಹೋದ ಮೇಲೆ ನಮ್ಮ ಕಡೆ ಶುರುವಾಗೋದು ಟೆನಿಸ್ ಬಾಲ್ ಟೂರ್ನಮೆಂಟು. ಶೇಂಗಾ ಕಿತ್ತು ತಿಂಗಳುಗಳಾಗಿರುತ್ತೆ, ಹೊಲ ಖಾಲಿ, ಬಿಸಿಲು ನೆತ್ತಿ ಸುಡುತ್ತೆ. ಚಳ್ಳಕೆರೆ ಕಡೆಯಿಂದ ಒಂದು ಟೀಮು, ಮೊಳಕಾಲ್ಮುರು ಕಡೆಯಿಂದ ಎರಡು, ಪಕ್ಕದ ಹಟ್ಟಿಗಳಿಂದ ನಾಲ್ಕೈದು. ಕರಪತ್ರದಲ್ಲಿ ಬಹುಮಾನದ ಮೊತ್ತ, ಕೊಟ್ಟವರ ಹೆಸರು, ಅದರ ಕೆಳಗೆ ಎಲ್ಲ ಕರಪತ್ರಗಳಲ್ಲೂ ಇರುವ ಒಂದು ಸಾಲು: ಅಂಪೈರ್ ತೀರ್ಮಾನವೇ ಅಂತಿಮ.

ಅಂಥದ್ದೇ ಒಂದು ಫೈನಲ್‌ಗೆ ನಮ್ಮ ಗುಂಪಿನ ಒಬ್ಬ ಅಂಪೈರ್ ಆಗಿ ನಿಂತಿದ್ದ. ಕೊನೇ ಬಾಲು, ಗೆಲ್ಲೋಕೆ ಎರಡು ರನ್ನು. ಒಂದು ಓಡಿ ಎರಡನೇದಕ್ಕೆ ತಿರುಗಿದರು. ಥ್ರೋ ಬಂತು, ವಿಕೆಟ್ ಬಿತ್ತು, ಧೂಳೆದ್ದಿತು. ಇವನು ಬೆರಳು ಎತ್ತಿಬಿಟ್ಟ. ಬ್ಯಾಟ್ ಮಾಡ್ತಿದ್ದ ಹುಡುಗ ಎರಡೂ ಕೈಯಲ್ಲಿ ಗಾಳಿಯಲ್ಲೇ ಟೀವಿ ಚೌಕ ಬರೆದು "ಥರ್ಡ್ ಅಂಪೈರ್ ಕೇಳಣ್ಣ" ಅಂದ. ಮೊದಲು ಎಲ್ಲರೂ ನಕ್ಕರು. ಆಮೇಲೆ ಟ್ರಾಕ್ಟರ್ ಟ್ರೇಲರ್ ಮೇಲೆ ನಿಂತಿದ್ದ ಒಬ್ಬ ಮೊಬೈಲ್ ಹಿಡಿದು ಇಳಿದು ಬಂದ. ನಲವತ್ತು ಜನ ಒಂದು ಸ್ಕ್ರೀನಿನ ಮೇಲೆ ಬಗ್ಗಿದರು. ಆ ವಿಡಿಯೋದಲ್ಲಿ ಬ್ಯಾಟು ಗೆರೆ ದಾಟಿದ ಹಾಗೆ ಕಾಣ್ತಿತ್ತು. ಅಷ್ಟರಲ್ಲಿ ಆಚೆ ಬದಿಯಿಂದ ಇನ್ನೊಂದು ಮೊಬೈಲ್ ಬಂತು. ಅದರಲ್ಲಿ ದಾಟಿರಲಿಲ್ಲ.

ಮುಂದೆ ಏನಾಯಿತು ಅಂತ ಕೊನೆಗೆ ಹೇಳ್ತೀವಿ. ಅವತ್ತು ರಾತ್ರಿ ನಾವು ಕೂತು ಮಾತಾಡುವಾಗ ಒಂದು ವಿಷಯ ಹೊಳೆಯಿತು. ಅಂಪೈರ್ ಮೇಲೆ ಸಿಟ್ಟು, ಕ್ಯಾಮೆರಾ ಮೇಲೆ ನಂಬಿಕೆ, ಆಮೇಲೆ ಆ ಕ್ಯಾಮೆರಾ ಮೇಲೂ ಸಿಟ್ಟು ಅನ್ನುವ ಈ ಕಥೆಯಲ್ಲಿ ದೊಡ್ಡ ದೊಡ್ಡ ತಿರುವುಗಳಲ್ಲೆಲ್ಲ ನಮ್ಮ ಕರ್ನಾಟಕದವರೇ ನಿಂತಿದ್ದಾರೆ. ಬಹಳಷ್ಟು ನಡೆದಿರೋದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಒಂದರಲ್ಲೇ. ಅದನ್ನೇ ಇಲ್ಲಿ ಬರೀತಿದ್ದೀವಿ.

ಮೊದಲು ಹಳೇ ಕಾಲ. ಆಗ ಅಂಪೈರ್ ಅಂದರೆ ಬಿಳಿ ಕೋಟು, ಟೋಪಿ, ಒಂದು ಬೆರಳು. ಮೈಸೂರು ರಾಜ್ಯದ ಎಂ.ಜಿ. ವಿಜಯಸಾರಥಿ 1950ರ ದಶಕದಲ್ಲಿ ಟೆಸ್ಟ್ ಅಂಪೈರ್ ಆಗಿದ್ದರು. ಅವರ ಮಗ ಎಂ.ವಿ. ನಾಗೇಂದ್ರ 60 ಮತ್ತು 70ರ ದಶಕದಲ್ಲಿ ಅದೇ ಕೆಲಸ ಮಾಡಿದರು. ಅಪ್ಪನ ಹೊಲ ಮಗನಿಗೆ ಬಂದ ಹಾಗೆ ಅಪ್ಪನ ಬೆರಳು ಮಗನಿಗೆ ಬಂತು ಅನ್ನಬಹುದು. ಆಗ ಆಯಾ ದೇಶದಲ್ಲಿ ಆಯಾ ದೇಶದವರೇ ಅಂಪೈರ್. ಹೊರಗಿಂದ ಬಂದ ಟೀಮು ಸೋತರೆ ಮೊದಲ ಬೈಗುಳ ಬೀಳೋದು ಅಂಪೈರ್‌ಗೇ. ನಮ್ಮವರು ಪಾಕಿಸ್ತಾನಕ್ಕೆ ಹೋದರೆ ಅಲ್ಲಿಯವರ ಮೇಲೆ, ಇಂಗ್ಲೆಂಡ್‌ನವರು ಇಲ್ಲಿಗೆ ಬಂದರೆ ನಮ್ಮವರ ಮೇಲೆ ದೂರು.

ಆ ಕಾಲದಲ್ಲಿ ರಿವ್ಯೂ ಇರಲಿಲ್ಲವೇ? ಒಂದು ಸಲ ಇತ್ತು. 1980ರ ಫೆಬ್ರುವರಿ, ಮುಂಬೈ ವಾಂಖೆಡೆ, ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ನಮ್ಮ ಕ್ಯಾಪ್ಟನ್ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳಕೊಂಡಿತ್ತು. ವಿಕೆಟ್ ಕೀಪರ್ ಬಾಬ್ ಟೇಲರ್ ಬ್ಯಾಟಿಂಗ್‌ನಲ್ಲಿದ್ದರು. ಕಪಿಲ್ ದೇವ್ ಬಾಲು, ಹಿಂದೆ ಕ್ಯಾಚು, ಅಪೀಲು. ಅಂಪೈರ್ ನಮ್ಮವರೇ ಆದ ಎಸ್.ಎನ್. ಹನುಮಂತರಾವ್, ಔಟ್ ಕೊಟ್ಟರು. ಟೇಲರ್ ಬ್ಯಾಟಿಗೆ ತಾಗಿಲ್ಲ ಅನ್ನುವ ಹಾಗೆ ನಿಂತರು. ವಿಶ್ವನಾಥ್ ಅಂಪೈರ್ ಹತ್ತಿರ ಹೋಗಿ ಅಪೀಲು ವಾಪಸ್ ತಗೊಂಡು ಟೇಲರನ್ನು ಆಡಲು ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಇಂಗ್ಲೆಂಡ್ 10 ವಿಕೆಟ್‌ನಿಂದ ಗೆದ್ದಿತು.

ನಲವತ್ತು ವರ್ಷ ದಾಟಿದರೂ ಈ ಕಥೆ ಹೇಳಿದರೆ ಕಟ್ಟೆ ಮೇಲೆ ಎರಡು ಗುಂಪಾಗುತ್ತೆ. "ದೊಡ್ಡ ಮನುಷ್ಯ" ಅನ್ನೋರು ಕೆಲವರು, "ಮ್ಯಾಚ್ ಕೊಟ್ಟುಬಿಟ್ಟ" ಅನ್ನೋರು ಕೆಲವರು. ನಮಗೆ ಅನ್ನಿಸೋದು ಬೇರೆ. ಅವತ್ತು ತಪ್ಪು ಸರಿಹೋಗಿದ್ದು ಎದುರಾಳಿಯ ದೊಡ್ಡ ಮನಸ್ಸಿನಿಂದ. ವಿಶ್ವನಾಥ್ ಸುಮ್ಮನಿದ್ದಿದ್ದರೆ ಟೇಲರ್‌ಗೆ ಕೇಳಲು ಇನ್ನೊಂದು ಬಾಗಿಲೇ ಇರಲಿಲ್ಲ.

ಆ ಬಾಗಿಲು ಮೊದಲು ತೆರೆದಿದ್ದು 1992ರ ನವೆಂಬರಿನಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಭಾರತದ ಜೊತೆ ಟೆಸ್ಟ್. ಸ್ಟೇಡಿಯಂ ಒಳಗೆ ಟೀವಿ ಮುಂದೆ ಒಬ್ಬ ಮೂರನೇ ಅಂಪೈರ್ ಕೂತರು. ಆ ಟೀವಿ ನೋಡಿ ರನ್ ಔಟ್ ಕೊಡಿಸಿಕೊಂಡ ಮೊದಲಿಗ ಸಚಿನ್ ತೆಂಡೂಲ್ಕರ್. ನಮ್ಮ ಹಳ್ಳಿ ಹುಡುಗರು ಗಾಳಿಯಲ್ಲಿ ಬರೆಯುವ ಚೌಕ ಅಲ್ಲಿಂದ ಬಂದಿದ್ದು. ಆದರೆ ಆಗ ಟೀವಿ ನೋಡುತ್ತಿದ್ದದ್ದು ರನ್ ಔಟ್, ಸ್ಟಂಪಿಂಗ್ ಥರದ ಗೆರೆ ವಿಷಯಕ್ಕೆ. ಬ್ಯಾಟಿಗೆ ತಾಗಿತೋ ಇಲ್ಲವೋ, ಎಲ್‌ಬಿಡಬ್ಲ್ಯು ಹೌದೋ ಅಲ್ಲವೋ, ಇವೆರಡೂ ನಿಂತವರ ಕಣ್ಣು ಕಿವಿಗೇ ಬಿಟ್ಟಿದ್ದು. ಜಗಳವೆಲ್ಲ ಇರೋದು ಅಲ್ಲೇ ತಾನೆ?

1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು, 74 ರನ್ನಿಗೆ. ಆಗ ನಮ್ಮಲ್ಲಿ ಕೆಲವರು ಇನ್ನೂ ಸ್ಲೇಟು ಹಿಡಿದಿದ್ದವರು. ಊರಲ್ಲಿ ಟೀವಿ ಇದ್ದ ಮನೆಯ ಜಗುಲಿ ತುಂಬಿ ಜನ ಅಂಗಳದಲ್ಲಿ ನಿಂತಿದ್ದರಂತೆ. ಅಂಪೈರ್‌ಗಳಲ್ಲಿ ಒಬ್ಬರು ಎ.ವಿ. ಜಯಪ್ರಕಾಶ್, ಕರ್ನಾಟಕಕ್ಕೆ ರಣಜಿ ಆಡಿದವರು. ಇನ್ನೊಬ್ಬರು ಜಮೈಕಾದ ಸ್ಟೀವ್ ಬಕ್ನರ್. ಹತ್ತು ವಿಕೆಟಿನಲ್ಲಿ ಮೊದಲನೇದು ಶಾಹಿದ್ ಅಫ್ರಿದಿದು, ಕೀಪರ್ ಕ್ಯಾಚು. ಬ್ಯಾಟಿಗೆ ತಾಗೇ ಇಲ್ಲ ಅಂತ ಅಫ್ರಿದಿ ಕ್ರೀಸ್ ಬಿಡಲು ಹಿಂದೆ ಮುಂದೆ ನೋಡಿದರು. ಪಾಕಿಸ್ತಾನದ ಅಭಿಮಾನಿಗಳಿಗೆ ಆ ಸಿಟ್ಟು ಇನ್ನೂ ಇದೆ. ನಮ್ಮ ಅಂಗಳದಲ್ಲಿ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಯಾಕೆ ಎತ್ತುತ್ತಾರೆ, ನಮ್ಮ ಕಡೆಗೆ ಬಂದಿತ್ತಲ್ಲ.

ಒಂಬತ್ತು ವರ್ಷದ ಮೇಲೆ ಅದು ಆ ಕಡೆಗೆ ಹೋಯಿತು. 2008ರ ಜನವರಿ, ಸಿಡ್ನಿ ಟೆಸ್ಟ್. ಅದೇ ಕುಂಬ್ಳೆ ಈಗ ಕ್ಯಾಪ್ಟನ್, ಅದೇ ಬಕ್ನರ್ ಅಂಪೈರ್, ಜೊತೆಗೆ ಇಂಗ್ಲೆಂಡ್‌ನ ಮಾರ್ಕ್ ಬೆನ್ಸನ್. ಆಸ್ಟ್ರೇಲಿಯಾದ ಆಂಡ್ರೂ ಸೈಮಂಡ್ಸ್ 30 ರನ್ ಮಾಡಿದ್ದಾಗ ಇಶಾಂತ್ ಶರ್ಮಾ ಬಾಲು ಬ್ಯಾಟಿನ ಅಂಚಿಗೆ ತಾಗಿ ಧೋನಿ ಕೈಗೆ ಹೋಯಿತು. ಟೀವಿಯಲ್ಲಿ ನೋಡಿದವರಿಗೆಲ್ಲ ಸದ್ದು ಕೇಳಿತು. ಬಕ್ನರ್ ನಾಟೌಟ್ ಅಂದರು. ಸೈಮಂಡ್ಸ್ ಔಟಾಗದೆ 162 ಹೊಡೆದರು. ತಾಗಿತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

ಕೊನೇ ದಿನ ಇನ್ನೂ ಕೆಟ್ಟದು. ರಾಹುಲ್ ದ್ರಾವಿಡ್ ಗೋಡೆ ಹಾಗೆ ನಿಂತಿದ್ದರು. ಬಾಲು ಪ್ಯಾಡಿಗೆ ತಾಗಿ ಕೀಪರ್ ಕೈಗೆ ಹೋಯಿತು, ಬ್ಯಾಟು ಪ್ಯಾಡಿನ ಹಿಂದೆ ಅಡಗಿತ್ತು. ಔಟ್ ಕೊಟ್ಟರು. ಗಂಗೂಲಿ ಕ್ಯಾಚು ನೆಲಕ್ಕೆ ತಾಗಿತೋ ಅನ್ನುವ ಅನುಮಾನ ಬಂದಾಗ ಬೆನ್ಸನ್ ಮೂರನೇ ಅಂಪೈರ್‌ಗೆ ಕಳಿಸಲಿಲ್ಲ, ಆಸ್ಟ್ರೇಲಿಯಾ ಕ್ಯಾಪ್ಟನ್ ಪಾಂಟಿಂಗ್‌ರನ್ನೇ ಕೇಳಿದರು. ಪಾಂಟಿಂಗ್ ಬೆರಳೆತ್ತಿ ತೋರಿಸಿದರು. ಕ್ಯಾಚಿನ ವಿಷಯದಲ್ಲಿ ಹಿಡಿದವನ ಮಾತು ನಂಬೋಣ ಅಂತ ಸರಣಿಗೆ ಮೊದಲು ಇಬ್ಬರೂ ಕ್ಯಾಪ್ಟನ್‌ಗಳು ಒಪ್ಪಂದ ಮಾಡಿಕೊಂಡಿದ್ದರು ನಿಜ. ಆದರೆ ಅದುವರೆಗಿನ ಆಟ ನೋಡಿದ ಮೇಲೆ ಆ ಒಪ್ಪಂದದ ಮೇಲೆ ನಮ್ಮವರಿಗೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ದಿನದಾಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಮೈಕಲ್ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದರು. ಭಾರತ 122 ರನ್ನಿಂದ ಸೋತಿತು. ಇನ್ನೊಂದು ತುದಿಯಲ್ಲಿ ಕುಂಬ್ಳೆ 45 ಹೊಡೆದು ಔಟಾಗದೆ ನಿಂತಿದ್ದರು. ಅವತ್ತು ಸಂಜೆ ಪತ್ರಿಕೆಯವರ ಮುಂದೆ ಕೂತು, ಎರಡು ತಂಡದಲ್ಲಿ ಒಂದು ಮಾತ್ರ ಆಟದ ಮರ್ಯಾದೆ ಇಟ್ಟುಕೊಂಡು ಆಡಿತು ಅನ್ನುವ ಅರ್ಥದ ಮಾತು ಹೇಳಿದರು. ಕೂಗಾಡಲಿಲ್ಲ. ಅದಕ್ಕೇ ಆ ಮಾತಿಗೆ ಅಷ್ಟು ತೂಕ ಬಂತು.

ಇಲ್ಲಿ ಊರೂರಲ್ಲಿ ಪ್ರತಿಕೃತಿ ದಹನ ನಡೆಯಿತು. ಭಾರತದ ಮಂಡಳಿ ದೂರು ಕೊಟ್ಟಿತು, ಮುಂದಿನ ಪರ್ತ್ ಟೆಸ್ಟಿನಿಂದ ಬಕ್ನರ್‌ರನ್ನು ತೆಗೆದರು. ಭಾರತ ಅಲ್ಲಿ ಗೆದ್ದಿತು. ಅಭಿಮಾನಿಗಳಿಗೆ ಸಮಾಧಾನವಾಯಿತು. ಆದರೆ ಅಭಿಮಾನಿಗಳ ಗಲಾಟೆಗೆ ಅಂಪೈರ್ ಬದಲಾಗೋದು ಸರಿಯಾ? ಹೊಟ್ಟೆ ಉರಿದು ಕೂಗಿದವರಲ್ಲಿ ನಾವೂ ಇದ್ದೆವು, ಈಗ ಅದನ್ನು ನೆನೆದರೆ ಸ್ವಲ್ಪ ಮುಜುಗರ ಆಗುತ್ತೆ.

ಅದೇ ವರ್ಷ ಜುಲೈನಲ್ಲಿ ಭಾರತ ಶ್ರೀಲಂಕಾಕ್ಕೆ ಹೋಯಿತು. ಅಂಪೈರ್ ತೀರ್ಮಾನವನ್ನು ಆಟಗಾರರೇ ಪ್ರಶ್ನೆ ಮಾಡುವ ಪದ್ಧತಿ, ಈಗ ನಾವು ಡಿಆರ್‌ಎಸ್ ಅಂತೀವಲ್ಲ, ಅದರ ಮೊದಲ ಪ್ರಯೋಗ ಆ ಸರಣಿಯಲ್ಲೇ. ಸಿಡ್ನಿಯಲ್ಲಿ ನೊಂದ ಕ್ಯಾಪ್ಟನ್‌ಗೆ ಕೈಗೆ ಔಷಧಿ ಕೊಟ್ಟ ಹಾಗೆ. ಆದರೆ ಏನಾಯಿತು ಗೊತ್ತಾ? ಮೂರು ಟೆಸ್ಟ್ ಸೇರಿ ಶ್ರೀಲಂಕಾ ಕೇಳಿದ ರಿವ್ಯೂಗಳಲ್ಲಿ 11 ಅವರ ಪರ ಬಂದವು. ಭಾರತಕ್ಕೆ ಸಿಕ್ಕಿದ್ದು ಒಂದೇ ಒಂದು. ರಿವ್ಯೂನಲ್ಲಿ ಔಟಾದ ಮೊದಲ ಆಟಗಾರ ನಮ್ಮ ಸೆಹ್ವಾಗ್. ಸರಣಿ 2–1ರಲ್ಲಿ ಸೋತೆವು.

ಯಂತ್ರ ಕೆಟ್ಟದ್ದು ಅಂತ ನಮ್ಮವರು ತೀರ್ಮಾನ ಮಾಡಿಬಿಟ್ಟರು. ನಿಜ ಹೇಳಬೇಕಂದ್ರೆ ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ನಮಗೆ ಗೊತ್ತಾಗಿರಲಿಲ್ಲ. ಬೌಲರ್‌ಗೆ ತನ್ನ ಬಾಲೆಲ್ಲ ಔಟ್ ಅನ್ನಿಸುತ್ತೆ, ಬ್ಯಾಟ್ಸ್‌ಮನ್‌ಗೆ ತಾನು ಯಾವತ್ತೂ ಔಟಿಲ್ಲ ಅನ್ನಿಸುತ್ತೆ. ಕೋರ್ಟಿಗೆ ಹೋಗಿ ಸೋತವನು ಕಾನೂನನ್ನೇ ಬೈದ ಹಾಗಾಯಿತು. 2009ರ ನವೆಂಬರಿನಲ್ಲಿ ಡಿಆರ್‌ಎಸ್ ಅಧಿಕೃತವಾಗಿ ಬಂತು, ಬೇರೆ ದೇಶಗಳು ಒಪ್ಪಿಕೊಂಡವು. ತಮ್ಮ ತಮ್ಮ ಸರಣಿಗಳಿಗೆ ಭಾರತ ಬಹಳ ವರ್ಷ ಪೂರ್ತಿ ಡಿಆರ್‌ಎಸ್ ಬೇಡ ಅಂದಿತು.

ವಿಶ್ವಕಪ್‌ನಲ್ಲಿ ಮಾತ್ರ ಬೇಡ ಅನ್ನುವ ಹಾಗಿರಲಿಲ್ಲ. 2011ರ ಫೆಬ್ರುವರಿ 27, ಚಿನ್ನಸ್ವಾಮಿ, ಭಾರತ ಇಂಗ್ಲೆಂಡ್ ಮ್ಯಾಚ್. ಎರಡೂ ತಂಡ 338 ಹೊಡೆದು ಟೈ ಆದ ಮ್ಯಾಚ್ ಅದು. ಯುವರಾಜ್ ಸಿಂಗ್ ಬಾಲು ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು. ಅಂಪೈರ್ ನಾಟೌಟ್ ಅಂದರು, ಧೋನಿ ರಿವ್ಯೂ ಕೇಳಿದರು. ದೊಡ್ಡ ಪರದೆ ಮೇಲೆ ಬಾಲು ಸ್ಟಂಪಿಗೆ ಬಡಿಯೋದನ್ನು ಇಡೀ ಸ್ಟೇಡಿಯಂ ನೋಡಿತು. ಬೆಲ್ ಕೂಡ ಪೆವಿಲಿಯನ್ ಕಡೆ ಹೆಜ್ಜೆ ಹಾಕಿದ್ದರು. ಆದರೂ ನಾಟೌಟ್ ಉಳಿಯಿತು. ಯಾಕೆಂದರೆ ಬಾಲು ತಾಗಿದ ಜಾಗ ಸ್ಟಂಪಿನಿಂದ ಎರಡೂವರೆ ಮೀಟರ್‌ಗಿಂತ ದೂರ ಇತ್ತು. ಅಷ್ಟು ದೂರದಿಂದ ಯಂತ್ರದ ಊಹೆಯನ್ನು ಪೂರ್ತಿ ನಂಬುವ ಹಾಗಿಲ್ಲ, ನಿಂತ ಅಂಪೈರ್ ಮಾತೇ ಉಳಿಯಲಿ ಅಂತ ನಿಯಮ. ಆ ನಿಯಮ ಸ್ಟೇಡಿಯಂನಲ್ಲಿದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಧೋನಿ ಮ್ಯಾಚ್ ಮುಗಿದ ಮೇಲೆ ಸಿಟ್ಟಿನಿಂದಲೇ ಮಾತಾಡಿದರು. ಬೆಲ್ 69 ಹೊಡೆದರು.

ಈ ಊಹೆ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇವತ್ತಿನ ಅರ್ಧ ಜಗಳ ಇದರಲ್ಲೇ ಇದೆ. ಎಲ್‌ಬಿಡಬ್ಲ್ಯುನಲ್ಲಿ ಬಾಲು ಪ್ಯಾಡಿಗೆ ತಾಗಿದ ಮೇಲೆ ಮುಂದೆ ಹೋಗೋದೇ ಇಲ್ಲ. ನೀವು ಟೀವಿಯಲ್ಲಿ ನೋಡುವ ಬಣ್ಣದ ಗೆರೆ ಪ್ಯಾಡಿನವರೆಗೆ ನಡೆದದ್ದು, ಅಲ್ಲಿಂದ ಸ್ಟಂಪಿನವರೆಗೆ ಲೆಕ್ಕ ಹಾಕಿದ್ದು. ಹಲವು ಕ್ಯಾಮೆರಾಗಳು ಬಾಲಿನ ಜಾಗ ಹಿಡಿದು, ಅದು ಬಂದ ದಾರಿ ನೋಡಿ, ಮುಂದೆ ಹೀಗೆ ಹೋಗುತ್ತಿತ್ತು ಅಂತ ಕಂಪ್ಯೂಟರ್ ಹೇಳುತ್ತೆ. ಲೆಕ್ಕ ಅಂದ ಮೇಲೆ ಕೂದಲೆಳೆಯ ತಪ್ಪಿಗೆ ಜಾಗ ಇದ್ದೇ ಇರುತ್ತೆ. ಆದ್ದರಿಂದ ಬಾಲು ಸ್ಟಂಪಿನ ಅಂಚಿಗೆ ಸ್ವಲ್ಪವೇ ತಾಗುತ್ತಿತ್ತು ಅಂತ ಬಂದರೆ ಮೈದಾನದ ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ಉಳಿಯುತ್ತೆ. ಇದನ್ನೇ ಅಂಪೈರ್ಸ್ ಕಾಲ್ ಅನ್ನೋದು. ಒಂದೇ ಥರದ ಬಾಲಿಗೆ ಒಬ್ಬ ಔಟ್, ಇನ್ನೊಬ್ಬ ನಾಟೌಟ್ ಆಗಬಹುದು. ಮನೆಯಲ್ಲಿ ಕೂತು ನೋಡುವವರಿಗೆ ಇದು ಮೋಸ ಅನ್ನಿಸೋದು ಸಹಜ. ಸ್ಟಂಪಿಗೆ ತಾಗಿದ ಮೇಲೆ ಔಟೇ ಅಲ್ಲವಾ ಅಂತ ವಿರಾಟ್ ಕೊಹ್ಲಿಯೇ 2021ರಲ್ಲಿ ಕೇಳಿದ್ದರು. ನಮಗೆ ಮಾತ್ರ ಈ ನಿಯಮ ಪ್ರಾಮಾಣಿಕ ಅನ್ನಿಸುತ್ತೆ. ತನಗೆ ಪೂರ್ತಿ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಯಂತ್ರ ಇನ್ನೆಲ್ಲಿದೆ?

ಈ ನಿಯಮವನ್ನು ಉಳಿಸಿಕೊಂಡ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರು ಯಾರು? ಮತ್ತೆ ಕುಂಬ್ಳೆ. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಮನುಷ್ಯ. 2012ರಿಂದ ಆ ಕುರ್ಚಿಯಲ್ಲಿದ್ದರು. ಅವರಿದ್ದಾಗಲೇ ಅಮೆರಿಕದ ಎಂಐಟಿ ಅನ್ನುವ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಈ ಯಂತ್ರಗಳನ್ನು ಪರೀಕ್ಷೆ ಮಾಡಿಸಿದ್ದು. 2016ರಲ್ಲಿ ಅವರೇ ಭಾರತ ತಂಡದ ಕೋಚ್ ಆದರು, ಆ ವರ್ಷ ನವೆಂಬರಿನಲ್ಲಿ ರಾಜ್‌ಕೋಟ್‌ನಲ್ಲಿ ಇಂಗ್ಲೆಂಡ್ ಎದುರು ಭಾರತ ಕೊನೆಗೂ ಡಿಆರ್‌ಎಸ್ ಒಪ್ಪಿಕೊಂಡಿತು. ಯಂತ್ರವಿಲ್ಲದೆ ಸಿಡ್ನಿಯಲ್ಲಿ ಸೋತು, ಯಂತ್ರವಿದ್ದೂ ಕೊಲಂಬೊದಲ್ಲಿ ಸೋತವರು ಕೊನೆಗೆ ಯಂತ್ರದ ಪರ ನಿಂತರು.

ಮಾರನೇ ವರ್ಷವೇ ಚಿನ್ನಸ್ವಾಮಿಯಲ್ಲಿ ಹೊಸ ಜಗಳ. 2017ರ ಮಾರ್ಚ್ 7. ಆಸ್ಟ್ರೇಲಿಯಾಕ್ಕೆ ಗೆಲ್ಲಲು 188 ಬೇಕಿತ್ತು. ಉಮೇಶ್ ಯಾದವ್ ಬಾಲಿಗೆ ಕ್ಯಾಪ್ಟನ್ ಸ್ಟೀವ್ ಸ್ಮಿತ್ ಎಲ್‌ಬಿಡಬ್ಲ್ಯು ಆದರು. ರಿವ್ಯೂ ಕೇಳಬೇಕೋ ಬೇಡವೋ ಅಂತ ಡ್ರೆಸ್ಸಿಂಗ್ ರೂಮಿನ ಕಡೆ ನೋಡಿ ಸನ್ನೆ ಮಾಡಿದರು. ಅಲ್ಲಿ ಟೀವಿ ಇರುತ್ತಲ್ಲ. ಹಾಗೆ ಕೇಳುವಂತಿಲ್ಲ, 15 ಸೆಕೆಂಡಿನೊಳಗೆ ಮೈದಾನದಲ್ಲಿರುವವರೇ ತೀರ್ಮಾನಿಸಬೇಕು. ಅಂಪೈರ್ ನೈಜೆಲ್ ಲಾಂಗ್ ಓಡಿ ಬಂದು ತಡೆದರು, ಕೊಹ್ಲಿಯೂ ಬಂದರು. ಆ ಕ್ಷಣ ತಲೆ ಓಡಲಿಲ್ಲ ಅಂತ ಸ್ಮಿತ್ ಆಮೇಲೆ ಹೇಳಿಕೊಂಡರು. ಭಾರತ 75 ರನ್ನಿಂದ ಗೆದ್ದಿತು, ಎರಡೂ ಇನ್ನಿಂಗ್ಸ್‌ನಲ್ಲಿ ಅರ್ಧಶತಕ ಹೊಡೆದ ನಮ್ಮ ಕೆ.ಎಲ್. ರಾಹುಲ್ ಪಂದ್ಯಶ್ರೇಷ್ಠ. ಅಂಪೈರ್ ತಪ್ಪು ಮಾಡಿದ ಅನ್ನುವ ಜಗಳ ಹೋಗಿ, ತಪ್ಪು ಕಂಡುಹಿಡಿಯುವ ಯಂತ್ರವನ್ನು ಕಳ್ಳದಾರಿಯಲ್ಲಿ ಬಳಸಿದ ಅನ್ನುವ ಜಗಳ ಬಂದಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡ ಮ್ಯಾಚಿನ ಕಥೆ. ನಮಗೆ ಹೆಚ್ಚು ಉರಿದಿದ್ದು 2019ರ ಜನವರಿಯದು, ರಣಜಿ ಸೆಮಿಫೈನಲ್. ಅದೇ ಚಿನ್ನಸ್ವಾಮಿ, ಕರ್ನಾಟಕ ಮತ್ತು ಸೌರಾಷ್ಟ್ರ. ಗೆಲ್ಲಲು ಸೌರಾಷ್ಟ್ರಕ್ಕೆ 279 ಬೇಕಿತ್ತು. 23 ರನ್ನಿಗೆ ಮೂರು ವಿಕೆಟ್ ಬಿದ್ದಿತ್ತು. ಚೇತೇಶ್ವರ ಪೂಜಾರ 34ರಲ್ಲಿದ್ದಾಗ ವಿನಯ್ ಕುಮಾರ್ ಬಾಲು ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿತು. ಅಂಪೈರ್ ನಾಟೌಟ್ ಅಂದರು. ಪೂಜಾರ ಅಲ್ಲಾಡಲಿಲ್ಲ. ಮೊದಲ ಇನ್ನಿಂಗ್ಸ್‌ನಲ್ಲೂ ಮಿಥುನ್ ಬಾಲಿಗೆ ಹೀಗೇ ಬಚಾವಾಗಿದ್ದರು. ಟೀವಿಯವರು ನಿಧಾನಗತಿಯಲ್ಲಿ ತೋರಿಸಿದರು, ಮನೆಯಲ್ಲಿದ್ದವರೆಲ್ಲ ನೋಡಿದರು, ಸ್ಟೇಡಿಯಂನಲ್ಲಿದ್ದವರು ಮೊಬೈಲಿನಲ್ಲಿ ನೋಡಿದರು. ನೋಡದೆ ಇದ್ದವರು ಆ ಇಬ್ಬರು ಅಂಪೈರ್‌ಗಳು ಮಾತ್ರ. ಯಾಕಂದ್ರೆ ರಣಜಿಯಲ್ಲಿ ಡಿಆರ್‌ಎಸ್ ಇರಲಿಲ್ಲ.

ಪೂಜಾರ ಔಟಾಗದೆ 131 ಹೊಡೆದರು. ಶೆಲ್ಡನ್ ಜ್ಯಾಕ್ಸನ್ ನೂರು. ಸೌರಾಷ್ಟ್ರ ಐದು ವಿಕೆಟಿಂದ ಗೆದ್ದು ಫೈನಲ್‌ಗೆ ಹೋಯಿತು. ಚಿನ್ನಸ್ವಾಮಿಯ ಜನ ಪೂಜಾರನನ್ನು "ಚೀಟರ್, ಚೀಟರ್" ಅಂತ ಕೂಗಿದರು. ಕೆಲವೇ ವಾರ ಮೊದಲು ಆಸ್ಟ್ರೇಲಿಯಾದಲ್ಲಿ ಸರಣಿ ಗೆಲ್ಲಿಸಿಕೊಟ್ಟಾಗ ಇದೇ ಮನುಷ್ಯನನ್ನು ಹೊತ್ತು ಮೆರೆಸಿದ್ದೆವು. ಅಂಪೈರ್ ಔಟ್ ಕೊಡುವ ತನಕ ನಿಲ್ಲೋದು ಆಟಗಾರನ ಹಕ್ಕು ಅಂತ ಒಂದು ವಾದ. ತಾಗಿದ್ದು ತನಗೆ ಗೊತ್ತಿದ್ದ ಮೇಲೆ ಹೋಗಬೇಕು ಅಂತ ಇನ್ನೊಂದು. ನಮ್ಮ ಗುಂಪಿನಲ್ಲೇ ಇದಕ್ಕೆ ಒಮ್ಮತ ಇಲ್ಲ, ಈ ಬರಹ ಬರೆಯುವಾಗಲೂ ಆಗಲಿಲ್ಲ.

ಒಂದು ಮಾತಿನಲ್ಲಿ ಮಾತ್ರ ನಾವೆಲ್ಲ ಒಂದೇ. ಅಲ್ಲಿ ಕ್ಯಾಮೆರಾ ಇತ್ತು. ಪ್ರಸಾರಕ್ಕೆ ಇತ್ತು, ಜಾಹೀರಾತಿಗೆ ಇತ್ತು, ತೀರ್ಪಿಗೆ ಇರಲಿಲ್ಲ. ಅಂಪೈರ್ ಒಬ್ಬನನ್ನು ಬಿಟ್ಟು ಲೋಕಕ್ಕೆಲ್ಲ ಸತ್ಯ ತೋರಿಸಿ, ಆಮೇಲೆ ಅವನನ್ನೇ ಬೈಯಿರಿ ಅಂತ ಜನರ ಮುಂದೆ ನಿಲ್ಲಿಸಿದ ಹಾಗೆ. ಆ ಹುಡುಗರಿಗೆ ರಣಜಿ ಅಂದರೆ ವರ್ಷದ ದುಡಿಮೆ. ಅಲ್ಲಿ ಒಂದು ಸೆಮಿಫೈನಲ್ ಹೋದರೆ ಮೇಲಿನ ತಂಡದ ಬಾಗಿಲೇ ಕೆಲವರಿಗೆ ಮುಚ್ಚಿಹೋಗಬಹುದು.

ಎರಡು ತಿಂಗಳು ಕಳೆಯಿತು, ಮತ್ತೆ ಅದೇ ಮೈದಾನ. 2019ರ ಮಾರ್ಚ್ 28, ಐಪಿಎಲ್, ಆರ್‌ಸಿಬಿ ಮತ್ತು ಮುಂಬೈ. ಕೊನೇ ಬಾಲಿಗೆ ಏಳು ರನ್ ಬೇಕು. ಲಸಿತ್ ಮಾಲಿಂಗ ಬಾಲು ಹಾಕಿದರು, ಸಿಕ್ಸರ್ ಹೋಗಲಿಲ್ಲ, ಮುಂಬೈ ಗೆದ್ದಿತು, ಕೈಕುಲುಕಾಟ ಶುರುವಾಯಿತು. ಆಗ ದೊಡ್ಡ ಪರದೆಯಲ್ಲಿ ಮಾಲಿಂಗನ ಕಾಲು ಗೆರೆ ದಾಟಿದ್ದು ಕಂಡಿತು. ನೋ ಬಾಲ್, ಅಂಪೈರ್ ನೋಡಿಲ್ಲ. ನೋ ಬಾಲ್ ಆಗಿದ್ದರೆ ಒಂದು ರನ್ನು, ಮೇಲೆ ಫ್ರೀ ಹಿಟ್, ಆ ತುದಿಯಲ್ಲಿ 70 ಹೊಡೆದು ಎಬಿ ಡಿವಿಲಿಯರ್ಸ್. ಇದೇನು ಕ್ಲಬ್ ಕ್ರಿಕೆಟ್ಟಾ ಅನ್ನುವ ಅರ್ಥದಲ್ಲಿ ಕೊಹ್ಲಿ ಸಿಡಿದರು. ಆ ಮಾತು ಕೇಳಿ ನಮಗೆ ಸ್ವಲ್ಪ ನಗು ಬಂತು. ಕ್ಲಬ್ ಕ್ರಿಕೆಟ್ ಆಡುವವರಿಗೆ ಈ ಅನ್ಯಾಯ ಪ್ರತಿ ಭಾನುವಾರದ್ದು, ಅವರು ಯಾರ ಮುಂದೆ ಸಿಡಿಯಬೇಕು?

ಅದೇ ಐಪಿಎಲ್‌ನ ಮೇ ತಿಂಗಳಲ್ಲಿ, ಅದೇ ಚಿನ್ನಸ್ವಾಮಿಯಲ್ಲಿ, ಆಗದೇ ಇದ್ದ ನೋ ಬಾಲನ್ನು ಲಾಂಗ್ ಕೊಟ್ಟರು. ಸ್ಮಿತ್‌ರನ್ನು ತಡೆದ ಅದೇ ಲಾಂಗ್. ಕೊಹ್ಲಿ ಜೊತೆ ಮಾತಿಗೆ ಮಾತಾಯಿತು, ಆಮೇಲೆ ಅಂಪೈರ್ ಕೋಣೆಯ ಬಾಗಿಲಿಗೆ ಒದ್ದರು, ರಿಪೇರಿ ಖರ್ಚನ್ನು ಅವರೇ ಕೊಟ್ಟರು ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂತು. ಹಗಲೆಲ್ಲ ಎಲ್ಲರ ಸಿಟ್ಟು ನುಂಗುವವನಿಗೆ ತನ್ನ ಸಿಟ್ಟು ಹಾಕೋಕೆ ಬಾಗಿಲೊಂದೇ ಸಿಕ್ಕಿರಬೇಕು. ಮುಂದಿನ ಐಪಿಎಲ್‌ನಿಂದ ಕಾಲಿನ ನೋ ಬಾಲನ್ನು ಟೀವಿ ಮುಂದೆ ಕೂತ ಅಂಪೈರ್ ನೋಡುವ ಪದ್ಧತಿ ಬಂತು. ಚಿನ್ನಸ್ವಾಮಿಯ ಕೂಗಾಟದಿಂದ ಒಂದು ಒಳ್ಳೇದಾಯಿತು.

ರಣಜಿಗೂ ಸ್ವಲ್ಪ ಸಿಕ್ಕಿತು. 2020ರ ಸೆಮಿಫೈನಲ್ ಮತ್ತು ಫೈನಲ್‌ಗೆ ಅರೆಬರೆ ಡಿಆರ್‌ಎಸ್ ತಂದರು. ಬಾಲಿನ ದಾರಿ ಲೆಕ್ಕ ಹಾಕುವ ಯಂತ್ರ ಇಲ್ಲ, ಬ್ಯಾಟಿಗೆ ತಾಗಿದ ಸದ್ದು ಹಿಡಿಯುವ ಯಂತ್ರವೂ ಇಲ್ಲ, ಬರೀ ಕ್ಯಾಮೆರಾ. ರಾಗಿ ಮುದ್ದೆ ಕೊಟ್ಟು ಸಾರು ಕೊಡದ ಹಾಗೆ. ಕರ್ನಾಟಕ ಆ ಸೆಮಿಫೈನಲ್ ಕೂಡ ಸೋತಿತು, ಕೋಲ್ಕತ್ತದಲ್ಲಿ ಬಂಗಾಳದ ಎದುರು 174 ರನ್ನಿಂದ. ಅಲ್ಲಿ ಅಂಪೈರ್ ಮೇಲೆ ಹಾಕೋಕೆ ಏನೂ ಇರಲಿಲ್ಲ, ನಾವು ಸರಿಯಾಗಿ ಬ್ಯಾಟ್ ಮಾಡಲಿಲ್ಲ ಅಷ್ಟೇ. ಆಮೇಲೆ 2022ರ ಜೂನ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಮಧ್ಯಪ್ರದೇಶ ಮತ್ತು ಮುಂಬೈ ನಡುವೆ ರಣಜಿ ಫೈನಲ್ ನಡೆದಾಗ ಆ ಅರೆಬರೆ ಡಿಆರ್‌ಎಸ್ಸೂ ಇರಲಿಲ್ಲ. ಖರ್ಚು ಜಾಸ್ತಿ ಅನ್ನುವ ಮಾತು ಮಂಡಳಿ ಕಡೆಯಿಂದ ಬಂತು. ಐಪಿಎಲ್‌ನ ಪ್ರಸಾರ ಹಕ್ಕು ಸಾವಿರಾರು ಕೋಟಿಗೆ ಮಾರಾಟವಾಗಿದ್ದೂ ಅದೇ ಜೂನ್ ತಿಂಗಳಲ್ಲಿ.

ಯಂತ್ರ ಇದ್ದಲ್ಲಿ ಎಲ್ಲ ಸರಿಯಾಗುತ್ತಾ ಅಂತ ಕೇಳಿದರೆ, ಆಸ್ಟ್ರೇಲಿಯಾದವರ ಫುಟ್ಬಾಲ್ ನೋಡಬೇಕು. ಅದು ನಮ್ಮ ಫುಟ್ಬಾಲ್ ಅಲ್ಲ. ಕ್ರಿಕೆಟ್ ಮೈದಾನದಂಥ ಮೊಟ್ಟೆಯಾಕಾರದ ಬಯಲಲ್ಲಿ ಹದಿನೆಂಟು ಹದಿನೆಂಟು ಜನ ಆಡ್ತಾರೆ, ಕೈಯಲ್ಲೂ ಹಿಡೀಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟ್. ಕಂಬಕ್ಕೆ ತಾಗಿದರೆ ಒಂದೇ. ಅಲ್ಲೂ ವಿಡಿಯೋ ರಿವ್ಯೂ ಇದೆ. 2023ರ ಆಗಸ್ಟ್‌ನಲ್ಲಿ ಅಡಿಲೇಡ್ ಮತ್ತು ಸಿಡ್ನಿ ತಂಡದ ಮ್ಯಾಚ್ ಮುಗಿಯಲು ಕೆಲ ಹೊತ್ತು ಇದ್ದಾಗ ಅಡಿಲೇಡಿನ ಬೆನ್ ಕೀಸ್ ಒದ್ದ ಚೆಂಡು ಸರಿಯಾಗಿ ಒಳಗೆ ಹೋಯಿತು. ಕಂಬಕ್ಕೆ ತಾಗಿತು ಅಂತ ಗೋಲ್ ಅಂಪೈರ್ ಒಂದೇ ಪಾಯಿಂಟ್ ಕೊಟ್ಟರು. ಕ್ಯಾಮೆರಾ ಇತ್ತು, ರಿವ್ಯೂ ಕೋಣೆ ಇತ್ತು, ಅಂಪೈರ್ ತನಗೆ ಅನುಮಾನ ಇಲ್ಲ ಅಂತ ಕೇಳಲೇ ಇಲ್ಲ. ಅಡಿಲೇಡ್ ಒಂದು ಪಾಯಿಂಟಿಂದ ಸೋತು ಮುಂದಿನ ಸುತ್ತಿನ ಆಸೆ ಕಳಕೊಂಡಿತು. ತಪ್ಪಾಗಿದೆ ಅಂತ ಲೀಗಿನ ಮುಖ್ಯಸ್ಥರು ಒಪ್ಪಿಕೊಂಡರು, ಫಲಿತಾಂಶ ಬದಲಾಗಲಿಲ್ಲ. ಬೆಂಗಳೂರಿನ ಮಾಲಿಂಗನ ನೋ ಬಾಲಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಈಗ ನಮ್ಮ ಊರಿನ ಬಯಲಿಗೆ ವಾಪಸ್ ಬರೋಣ. ನಮ್ಮ ಹಳ್ಳಿ ಕ್ರಿಕೆಟ್ ಈ ಸಮಸ್ಯೆಗೆ ತನ್ನದೇ ಪರಿಹಾರ ಕಂಡುಕೊಂಡು ಬಹಳ ಕಾಲವಾಯಿತು, ನೀವು ಗಮನಿಸಿರಬಹುದು. ಜಗಳ ತರೋದು ಎಲ್‌ಬಿಡಬ್ಲ್ಯುನಾ? ಹಾಗಾದರೆ ಎಲ್‌ಬಿಡಬ್ಲ್ಯುನೇ ಬೇಡ ಅಂತ ತೆಗೆದುಹಾಕಿದೆವು. ದಿನಾ ಸಂಜೆ ಆಡುವಾಗ ಬ್ಯಾಟಿಂಗ್ ಟೀಮಿನವನೇ ಅಂಪೈರ್, ಅವನ ಸರದಿ ಬಂದಾಗ ಬ್ಯಾಟ್ ಹಿಡಿದು ಇನ್ನೊಬ್ಬನನ್ನು ನಿಲ್ಲಿಸ್ತಾನೆ. ಪಕ್ಷಪಾತ ಇದ್ದೇ ಇರುತ್ತೆ, ಆದರೆ ಆಮೇಲೆ ಇವರ ಬ್ಯಾಟಿಂಗ್ ಬಂದಾಗ ಇವರದೂ ಅದೇ ಪಕ್ಷಪಾತ, ಲೆಕ್ಕ ಚುಕ್ತಾ. ದುಡ್ಡಿನ ಟೂರ್ನಮೆಂಟಿನಲ್ಲಿ ಅದು ನಡೆಯಲ್ಲ. ಅಲ್ಲಿ ಯಾವ ಟೀಮಿಗೂ ಸೇರದವನು ಬೇಕು. ಬಿಸಿಲಲ್ಲಿ ಇಡೀ ದಿನ ನಿಲ್ಲಬೇಕು, ಊಟ ಮತ್ತು ಸಣ್ಣ ಸಂಭಾವನೆ, ಸಂಜೆಗೆ ಸೋತವರ ಬೈಗುಳ. ಈ ಕೆಲಸಕ್ಕೆ ಬರುವವರು ವರ್ಷ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ.

ಮೊಬೈಲ್ ಬಂದ ಮೇಲೆ ಇನ್ನೂ ಕಷ್ಟ. ಒಂದು ಲೆಕ್ಕ ಕೇಳಿ. ಸಾಮಾನ್ಯ ಮೊಬೈಲ್ ವಿಡಿಯೋ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತೆ. ಜೋರಾಗಿ ಓಡುವವನು ಸೆಕೆಂಡಿಗೆ ಆರು ಮೀಟರ್ ಓಡ್ತಾನೆ ಅಂದುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು 20 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಗೇಣು ಮುಂದೆ ಹೋಗಿರ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದ ಥ್ರೋ ಅದೇ ಹೊತ್ತಿನಲ್ಲಿ ಮೂರಡಿ ಬರುತ್ತೆ. ರನ್ ಔಟ್ ತೀರ್ಮಾನ ಆಗೋದು ಎರಡು ಬೆರಳಿನ ಅಂತರದಲ್ಲಿ. ಅದು ಆ ಎರಡು ಚಿತ್ರದ ನಡುವೆ ಎಲ್ಲೋ ಬಿದ್ದಿರುತ್ತೆ. ಮೇಲಾಗಿ ಗೆರೆಯ ನೇರಕ್ಕೆ ನಿಂತು ಹಿಡಿಯದೆ ಓರೆಯಿಂದ ಹಿಡಿದರೆ ಹೊರಗಿದ್ದ ಬ್ಯಾಟು ಒಳಗೆ, ಒಳಗಿದ್ದದ್ದು ಹೊರಗೆ ಕಾಣುತ್ತೆ. ದೊಡ್ಡ ಮೈದಾನದಲ್ಲಿ ಗೆರೆಯ ನೇರಕ್ಕೇ ಕ್ಯಾಮೆರಾ ನೆಡೋದು ಇದಕ್ಕೇ. ಅವತ್ತು ಎರಡು ಮೊಬೈಲು ಎರಡು ಮಾತು ಹೇಳಿದ್ದು ಯಾರೋ ಮೋಸ ಮಾಡಿದ್ದಕ್ಕಲ್ಲ. ಇಬ್ಬರೂ ಓರೆಯಲ್ಲಿ ನಿಂತಿದ್ದರು.

ಆ ಫೈನಲ್ ಏನಾಯಿತು ಅಂತ ಹೇಳ್ತೀವಿ ಅಂದಿದ್ದೆವು. ಅರ್ಧ ಗಂಟೆ ಕೂಗಾಟ. ಒಬ್ಬರು ಸ್ಟಂಪು ಕಿತ್ತು ಎಸೆದರು. ನಮ್ಮವನ ಅಂಗಿ ಕಾಲರಿಗೆ ಒಂದು ಕೈ ಬಂತು, ಅದನ್ನು ಬಿಡಿಸಿದ್ದು ಸೋತ ಟೀಮಿನ ಕ್ಯಾಪ್ಟನ್ನೇ. "ಬಿಡ್ರಲೇ, ಆತ ಕಂಡಂಗೆ ಕೊಟ್ಟಾನೆ" ಅಂದ. ಆಮೇಲೆ ಊರ ಹಿರಿಯರೊಬ್ಬರು ಬಂದು, ಕಪ್ಪು ಗೆದ್ದವರಿಗೆ, ಮೊದಲ ಮತ್ತು ಎರಡನೇ ಬಹುಮಾನದ ದುಡ್ಡು ಕೂಡಿಸಿ ಇಬ್ಬರಿಗೂ ಸಮ ಅಂತ ಮಾಡಿದರು. ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ನಮ್ಮವನು ಮನೆಗೆ ಬಂದು ಊಟ ಮಾಡದೆ ಮಲಗಿದ. ಔಟೋ ನಾಟೌಟೋ ಅನ್ನೋದು ಅವನಿಗೆ ಈಗಲೂ ಗೊತ್ತಿಲ್ಲ. ಧೂಳೆದ್ದಿತ್ತು, ಬೆರಳು ತಾನಾಗೇ ಮೇಲೆ ಹೋಯಿತು ಅಂತಾನೆ.

ಈ ವರ್ಷ ಅದೇ ಹುಡುಗರು ಮತ್ತೆ ಕರೆಯೋಕೆ ಬಂದಿದ್ದರು. ಇವನು ಬರಲ್ಲ ಅಂದ. ಅವತ್ತು ಕಾಲರ್ ಬಿಡಿಸಿದ್ದ ಕ್ಯಾಪ್ಟನ್ ಬಂದು ಜಗುಲಿ ಮೇಲೆ ಕೂತು, "ನೀನು ಬರಲಿಲ್ಲ ಅಂದ್ರೆ ನಮ್ಮ ಮಾಮನ್ನ ನಿಲ್ಲಿಸ್ತಾರಣ್ಣ, ಅವನಿಗೆ ಕಣ್ಣು ಕಾಣಲ್ಲ" ಅಂದ. ಎಲ್ಲರೂ ನಕ್ಕರು, ಇವನೂ ನಕ್ಕ. ಹೊಸ ಕರಪತ್ರ ತೋರಿಸಿದರು. ಅಂಪೈರ್ ತೀರ್ಮಾನವೇ ಅಂತಿಮ ಅನ್ನುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿತ್ತು: ಮೊಬೈಲ್ ವಿಡಿಯೋ ಪರಿಗಣಿಸುವುದಿಲ್ಲ. ಭಾನುವಾರ ಮೊದಲ ಮ್ಯಾಚಿನ ಮೂರನೇ ಓವರಿನಲ್ಲಿ ಒಂದು ರನ್ ಔಟ್ ಅಪೀಲು ಬಂತು. ನಮ್ಮವನು ಗೆರೆಯ ನೇರಕ್ಕೆ ಓಡಿ ಹೋಗಿ, ಬಗ್ಗಿ ನೋಡಿ, ನಾಟೌಟ್ ಅಂದ. ಟ್ರೇಲರ್ ಮೇಲಿಂದ ಹತ್ತಾರು ಮೊಬೈಲು ಅವನ ಕಡೆಗೇ ತಿರುಗಿದ್ದವು.